ನೀರು ಬಿಡದ ಕೆಸರು

"ಇದು ನಿಮ್ಮ ಮೆಷಿನ್ನಿಂದ ಬಂದದ್ದಲ್ಲ ಅಂತ ನನ್ನ ಮುಖ ನೋಡಿಕೊಂಡು ಹೇಳಿ."

ಇನ್ಸ್‌ಪೆಕ್ಟರ್ ಪ್ಲಾಸ್ಟಿಕ್ ಕವರೊಂದನ್ನು ತಗಡಿನ ಮೇಜಿನ ಮೇಲಿಟ್ಟಳು. ಒಳಗಿದ್ದದ್ದು ಸ್ನಾನದ ಸೋಪಿನಷ್ಟು ದೊಡ್ಡದಾದ, ಬೂದು ಬಣ್ಣದ ಒಂದು ಹೆಂಟೆ. ಒಂದು ಅಂಚು ಮುರಿದಿತ್ತು. ಮುರಿದ ಕಡೆ ಪುಡಿಯಾಗದೆ, ಅಂಟದೆ, ಚಾಕುವಿನಲ್ಲಿ ಕೊಯ್ದಷ್ಟು ನೀಟಾಗಿತ್ತು.

ಪ್ರೆಸ್ ಆಪರೇಟರ್ ಅವಳ ಮುಖ ನೋಡಲಿಲ್ಲ. ಹೆಂಟೆಯನ್ನು ನೋಡಿದ. ಅವನ ಕಣ್ಣಲ್ಲಿ ಹೆದರಿಕೆ ಬರುತ್ತದೆಂದು ಆಕೆ ಕಾದಿದ್ದಳು. ಬಂದದ್ದು ಹೊಟ್ಟೆಕಿಚ್ಚಿನಂಥದ್ದು ಏನೋ.

ಅದು ಸಿಕ್ಕಿದ್ದು ಅವನ ಭಾವನ ಕೋಟಿನ ಒಳಜೇಬಿನಲ್ಲಿ. ಕವರಿಗೆ ಗಂಟು ಹಾಕಿದ್ದರಿಂದ ನೀರು ತಾಗಿರಲಿಲ್ಲ. ಈ ಕೊಳಚೆ ನೀರಿನ ಘಟಕಕ್ಕೆ ಸೂಪರ್‌ವೈಸರ್ ಆಗಿದ್ದ ಆ ಭಾವ ಹೋದ ವಾರ ಬೆಳಗಾಗುವಾಗ ಕೆಸರು ತಂಗುವ ತೊಟ್ಟಿಯಲ್ಲಿ ಬೋರಲಾಗಿ ತೇಲುತ್ತಿದ್ದರು. ಜಾರಿ ಬಿದ್ದರು ಎಂದು ಎಲ್ಲರೂ ಅಂದುಕೊಂಡರು. ತಲೆಯ ಹಿಂದಿನ ಪೆಟ್ಟು ನೀರಿಗೆ ಬೀಳುವ ಮೊದಲಿನದು ಎಂದು ಡಾಕ್ಟರು ಬರೆದು ಕೊಟ್ಟ ಮೇಲೆ ಯಾರೂ ಹಾಗೆ ಅನ್ನಲಿಲ್ಲ.

"ನಮ್ಮದಲ್ಲ ಮೇಡಂ," ಎಂದ ಆಪರೇಟರ್. "ಇಷ್ಟು ಚೆನ್ನಾಗಿರೋದು ನಮ್ಮದಾಗಿದ್ರೆ ನಾನು ಊರಿಗೆಲ್ಲ ಸಿಹಿ ಹಂಚ್ತಿದ್ದೆ."

ಬಾಗಿಲ ಬಳಿ ನಿಂತಿದ್ದ ದಫೇದಾರರು ಕರವಸ್ತ್ರದೊಳಗೇ ಕೆಮ್ಮಿದರು. ಕೆಸರಿನಿಂದ ನೀರು ಹಿಂಡುವ ಈ ಪ್ರೆಸ್ ಮನೆಯೆಂದರೆ ಉದ್ದನೆಯ ಶೆಡ್ಡು. ನಡುವೆ ರೋಲರುಗಳ ಸಾಲು, ಅದರ ಮೇಲೆ ಬಿಗಿದ ಅಗಲವಾದ ಬಟ್ಟೆಯ ಬೆಲ್ಟು. ಬೆಲ್ಟು ನಿಂತು ಒಣಗಿ ಬಣ್ಣಗೆಟ್ಟಿತ್ತು. ಮೂಲೆಯಲ್ಲಿ ಕೆಸರನ್ನು ಗಡ್ಡೆ ಕಟ್ಟಿಸುವ ಪಾಲಿಮರ್ ಪುಡಿಯ ಚೀಲಗಳು. ಪುಡಿಯ ಮೇಲೆ ನೀರು ಬಿದ್ದಲ್ಲಿ ನೆಲ ಎಣ್ಣೆಗಿಂತ ಜಾರುತ್ತಿತ್ತು; ಒಳಗೆ ಬರುವಾಗ ದಫೇದಾರರು ಕುಣಿಯುವವರ ಹಾಗೆ ಕೈ ಬೀಸಿ ಹೇಗೋ ನಿಂತುಕೊಂಡಿದ್ದರು.

ಇನ್ಸ್‌ಪೆಕ್ಟರಿಗೆ ಕರವಸ್ತ್ರ ಬೇಕಿರಲಿಲ್ಲ. ಎರಡು ವರ್ಷದ ಹಿಂದೆ ಬಂದ ಜ್ವರ ಹೋಗುವಾಗ ಅವಳ ವಾಸನೆಯ ಶಕ್ತಿಯನ್ನೂ ಕರೆದುಕೊಂಡು ಹೋಗಿತ್ತು. ಮನೆಯಲ್ಲಿ ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ. "ಕಳ್ಳರನ್ನ ಮೂಸಿ ಹಿಡೀತಾಳಂತೆ, ಒಲೆ ಮೇಲಿನ ಪಾತ್ರೆ ಮೂಸೋಕಾಗಲ್ಲ," ಎಂದು ಗಂಡ ರೇಗಿಸುತ್ತಿದ್ದ. ಹಾಗಾಗಿ ಎಲ್ಲಿಗೆ ಹೋದರೂ ದಫೇದಾರರ ಮೂಗೇ ಅವಳ ಮೂಗು.

"ನೀವು ಭಾವನಿಗೆ ಏನಂದಿದ್ರಿ? ಅವರು ಹೋಗೋ ಹಿಂದಿನ ದಿನ?"

ಆಪರೇಟರ್ ಬೆಲ್ಟಿನ ಕಡೆ ತಿರುಗಿದ.

"ನಾಲ್ಕು ಜನ ಕೇಳಿಸ್ಕೊಂಡಿದಾರೆ. ನೀವೇ ಹೇಳಿದ್ರೆ ವಾಸಿ."

"ಇನ್ನೊಂದ್ಸಲ ಅಕ್ಕ ಅತ್ಕೊಂಡು ಫೋನ್ ಮಾಡಿದ್ರೆ ನಿಮ್ಮನ್ನ ಇದೇ ತೊಟ್ಟಿಗೆ ತಳ್ಳಿಬಿಡ್ತೀನಿ ಅಂದೆ." ಅವನು ಬೆಲ್ಟಿನ ಅಂಚನ್ನು ಹಿಡಿದುಕೊಂಡ. "ಬಾಯಿಗೆ ಬಂದದ್ದು ಅಂದೆ ಮೇಡಂ. ನನ್ನ ಬಾಯಿಗೆ ಬೆಂಕಿ ಹಾಕ."

"ಅಕ್ಕ ಯಾಕೆ ಅಳ್ತಿದ್ರು?"

"ಭಾವ ಮನೇಗೇ ಹೋಗ್ತಿರ್ಲಿಲ್ಲ. ಹೋದ್ರೂ ಊಟದ ತಟ್ಟೆ ಮುಂದೆ ಕೂತು ಈ ಕೆಸರು, ಈ ಸ್ಲಡ್ಜ್ ಬಗ್ಗೆನೇ ಯೋಚನೆ. ಹೆಂಡ್ತಿ ಮಾತಾಡಿದ್ರೆ 'ಹ್ಞಾಂ?' ಅನ್ನೋದು. ಸ್ಲಡ್ಜ್ ಕೆಟ್ಟು ತಿಂಗಳಾಗ್ತಾ ಬಂತು. ಅದು ಅವರ ತಲೆಗೇರಿಬಿಟ್ಟಿತ್ತು."

"ಅದಕ್ಕೇ ಅವರು ಇಲ್ಲಿಗೆ ಬಂದ್ರು. ನೀವು ಹೇಗೋ ಮೆಷಿನ್ ಓಡಿಸಿದ್ರಿ, ಈ ಹೆಂಟೆ ಬಂತು, ಅವರು ಖುಷಿಯಾಗಿ ಜೇಬಿಗೆ ಹಾಕ್ಕೊಂಡ್ರು. ಆಮೇಲೆ ಮಾತಿಗೆ ಮಾತು ಬೆಳೀತು. ಹೌದೋ ಅಲ್ವೋ?"

"ಭಾವ ಹೋದ ದಿನ ಹಗಲೆಲ್ಲ ನಾನೊಬ್ಬನೇ ಈ ಬೆಲ್ಟು ತಿಕ್ಕಿ ತೊಳೀತಿದ್ದೆ. ಬೇಕಾದ್ರೆ ಗೇಟಿನವರನ್ನ ಕೇಳಿ. ಭಾವನ ಮುಖ ಸಹ ನೋಡ್ಲಿಲ್ಲ." ಅವನು ಬೆಲ್ಟನ್ನು ಅಂಗೈಯಿಂದ ತಟ್ಟಿದ. "ಮೆಷಿನ್ ಓಡಿಸಿದೆ ಅಂತೀರಲ್ಲ, ನಮ್ಮ ಸ್ಲಡ್ಜಲ್ಲಿ ಇದು ಬರೋಕೆ ಸಾಧ್ಯನಾ? ಕೆಮಿಸ್ಟ್ ಮೇಡಮ್ಮನ್ನೇ ಕರೀರಿ. ನಿಮ್ಮ ಕಣ್ಣೆದುರಿಗೇ ಮಾಡಿ ತೋರಿಸ್ಲಿ."

ಗೇಟಿನವರನ್ನು ಆಕೆ ಆಗಲೇ ಕೇಳಿದ್ದಳು. ಅವರೂ ಅದನ್ನೇ ಹೇಳಿದ್ದರು. ಕೆಮಿಸ್ಟರನ್ನು ಕರೆಸಿದಳು.

ಘಟಕದ ಕೆಮಿಸ್ಟ್ ನಲವತ್ತು ದಾಟಿದ ಹೆಂಗಸು. ಕೂದಲನ್ನು ಪೆನ್ಸಿಲ್ಲಿನಿಂದ ಗಂಟು ಹಾಕಿಕೊಂಡಿದ್ದರು. ಒಂದು ಬಕೆಟ್ಟು, ಎರಡು ಮಗ್ಗು, ಬೆಲ್ಟಿನ ಬಟ್ಟೆಯದೇ ಒಂದು ತುಂಡು ತಂದು, ಅಡುಗೆ ಹೇಳಿಕೊಡುವವರ ಹಾಗೆ ಮೇಜಿನ ಮೇಲೆ ಜೋಡಿಸಿದರು.

"ಮೊದಲು ಇದನ್ನ ನೋಡಿ," ಎಂದು ಜೊತೆಗೆ ತಂದಿದ್ದ ಉದ್ದನೆಯ ಗಾಜಿನ ಜಾಡಿ ತೋರಿಸಿದರು. ಅರ್ಧ ಗಂಟೆಯ ಹಿಂದೆ ಅದಕ್ಕೆ ಗಾಳಿ ಊದುವ ತೊಟ್ಟಿಯ ಕಂದು ನೀರು ತುಂಬಿಟ್ಟಿದ್ದರಂತೆ. "ಗಾಳಿ ಕೊಟ್ರೆ ಸೂಕ್ಷ್ಮಜೀವಿಗಳು ಕೊಳೆ ತಿಂದು ಬೆಳೆದು ಒಂದಕ್ಕೊಂದು ಅಂಟಿಕೊಳ್ತವೆ. ಅದೇ ಸ್ಲಡ್ಜ್. ಆರೋಗ್ಯವಾಗಿದ್ರೆ ಇಷ್ಟು ಹೊತ್ತಿಗೆ ಜಾಡಿಯ ತಳದಲ್ಲಿ ಕೂತಿರಬೇಕು, ಮೇಲೆ ತಿಳಿನೀರು."

ಜಾಡಿಯಲ್ಲಿ ಕೆಸರು ಕತ್ತಿನವರೆಗೂ ಉಬ್ಬಿಕೊಂಡು ನಿಂತಿತ್ತು. ಮೇಲೆ ಬೆರಳಿನ ಅಗಲದಷ್ಟು ಮಾತ್ರ ನೀರು.

"ಹತ್ತಿ ತುಂಬಿದ ಹಾಗಿದೆ," ಎಂದಳು ಇನ್ಸ್‌ಪೆಕ್ಟರ್.

"ಹೆಚ್ಚೂಕಡಿಮೆ ಹಾಗೇ. ದಾರದ ಹಾಗೆ ಬೆಳೆಯೋ ಜಾತಿಯ ಜೀವಿಗಳು ಕೈಮೀರಿ ಹೋಗಿವೆ. ಬಾಚಣಿಗೇಲಿ ಸಿಕ್ಕಿಕೊಂಡ ಕೂದಲಿನ ಹಾಗೆ ಸಿಕ್ಕು. ಸಿಕ್ಕಿನ ಒಳಗಡೆ ನೀರು. ಅದು ಕೂರೋದೂ ಇಲ್ಲ, ಹಿಂಡಿದ್ರೆ ನೀರು ಬಿಡೋದೂ ಇಲ್ಲ."

ಅವರು ಬಕೆಟ್ಟಿನ ಕೆಸರನ್ನು ಒಂದು ಮಗ್ಗಿಗೆ ಸುರಿದು, ಮೊಟ್ಟೆಯ ಬಿಳಿಯಂತೆ ಲೋಳೆಯಾದ ಪಾಲಿಮರ್ ನೀರು ಬೆರೆಸಿ, ಚಹಾ ಆರಿಸುವ ಹಾಗೆ ಈ ಮಗ್ಗಿನಿಂದ ಆ ಮಗ್ಗಿಗೆ ಎತ್ತಿ ಎತ್ತಿ ಹೊಯ್ದರು.

"ಸರಿಯಾದ ಸ್ಲಡ್ಜಾದ್ರೆ ಈಗ ಹಾಲು ಒಡೆದ ಹಾಗೆ ಗಡ್ಡೆ ಗಡ್ಡೆ ಆಗಿ, ನೀರು ಬೇರೆ ಆಗಬೇಕು."

ಗಡ್ಡೆ ಆಗಲಿಲ್ಲ. ಬಟ್ಟೆಯ ಮೇಲೆ ಹೊಯ್ದಾಗ ಕೆಸರು ಹರಡಿಕೊಂಡು ಸುಮ್ಮನೆ ಕೂತಿತು. ಕೆಳಗೆ ಒಂದು ಹನಿ ಮೂಡಿತು. ಬೀಳಲೋ ಬೇಡವೋ ಎಂದು ನೇತಾಡಿತು.

"ಪಾಲಿಮರ್ ಇನ್ನೂ ಜಾಸ್ತಿ ಹಾಕಿದ್ರೆ?"

ಕೆಮಿಸ್ಟ್ ಇನ್ನೂ ಹಾಕಿದರು. ಅದು ನೆಗಡಿಯಾದವರ ಮೂಗಿನಂತೆ ಎಳೆ ಎಳೆಯಾಯಿತು. ಆಪರೇಟರ್ ಕೈಗವಸು ಹಾಕಿಕೊಂಡು ಒಂದು ಹಿಡಿ ಎತ್ತಿ ಮುಷ್ಟಿ ಬಿಗಿದ. ಕೆಸರು ಬೆರಳ ಸಂದಿಯಿಂದ ಜಾರಿ ಹೋಯಿತು. ಅವನು ಖಾಲಿ ಅಂಗೈಯನ್ನು ಇನ್ಸ್‌ಪೆಕ್ಟರಿನ ಮುಂದೆ ಬಿಡಿಸಿ ಹಿಡಿದ.

"ಇದನ್ನ ಹಿಂಡಿ ಹೆಂಟೆ ಮಾಡೋಕೆ ಆ ದೇವರು ಬಂದ್ರೂ ಆಗಲ್ಲ ಮೇಡಂ."

ಆಕೆ ಸುಲಭವಾಗಿ ಬಿಡುವವಳಲ್ಲ. "ಸ್ಲಡ್ಜ್ ಕೆಡೋಕೆ ಮುಂಚೆ ಮಾಡಿದ ಹಳೇ ಹೆಂಟೆ ಆಗಿರಬಹುದು."

"ಇಲ್ಲ," ಎಂದರು ಕೆಮಿಸ್ಟ್. "ನಮ್ಮದನ್ನ ಕವರಿಗೆ ಹಾಕಿ ಗಂಟು ಕಟ್ಟಿಟ್ರೆ ಒಂದೇ ವಾರಕ್ಕೆ ಕೊಳೆತು ಕಪ್ಪಾಗ್ತಿತ್ತು. ಗ್ಯಾಸು ತುಂಬಿ ಕವರು ಬಲೂನಿನ ಹಾಗೆ ಉಬ್ಬಿಕೊಳ್ತಿತ್ತು. ಇದು ಒಂಚೂರೂ ಕೊಳೆತಿಲ್ಲ." ಅವರ ಹುಬ್ಬು ಗಂಟಿಕ್ಕಿತು. ಯಾಕೆ ಕೊಳೆತಿಲ್ಲ ಎಂಬ ಪ್ರಶ್ನೆ ಅವರಿಗೂ ಆಗಲೇ ಹೊಳೆದಂತಿತ್ತು.

ಇನ್ಸ್‌ಪೆಕ್ಟರ್ ಕವರಿನ ಗಂಟು ಬಿಚ್ಚಿದಳು. "ದಫೇದಾರ್ರೇ, ಸ್ವಲ್ಪ ನಿಮ್ಮ ಮೂಗು ಕೊಡಿ."

ದಫೇದಾರರು ಜಾರದಂತೆ ಹೆಜ್ಜೆಯಿಟ್ಟು ಬಂದು ಬಗ್ಗಿ ಮೂಸಿದರು. "ಏನಿಲ್ಲ ಮೇಡಂ. ಕೆಸರಿನ ವಾಸನೆ."

"ನಾನು ನೋಡ್ಲಾ?" ಎಂದು ಕೆಮಿಸ್ಟ್ ಹೆಂಟೆಯನ್ನು ಮೂಗಿನ ಹತ್ತಿರ ತಂದರು. ಕಣ್ಣು ಮುಚ್ಚಿದರು. ಮತ್ತೊಮ್ಮೆ ಮೂಸಿದರು. "ಹೊಸದಾಗಿ ಸುಣ್ಣ ಬಳಿದ ಗೋಡೆಯ ವಾಸನೆ. ಅದರ ಅಡಿಯಲ್ಲಿ ಬೇರೆ ಏನೋ… ಹಳಸಿದ ಬೆಣ್ಣೆ."

"ನಿಮಗೆ ಬರ್ಲಿಲ್ವಾ ದಫೇದಾರ್ರೇ?"

"ಈ ಗಬ್ಬಿನಲ್ಲಿ ನಿಂತು ನಿಂತು ಮೂಗು ಸತ್ತುಹೋಗಿದೆ ಮೇಡಂ," ಎಂದು ಅವರು ಮತ್ತೆ ಬಾಗಿಲ ಕಡೆ ಹೋದರು.

ಇನ್ಸ್‌ಪೆಕ್ಟರ್ ಆಪರೇಟರಿನತ್ತ ತಿರುಗಿದಳು. "ನೀವು ಮನೆಗೆ ಹೋಗಿ. ಅಕ್ಕನ ಜೊತೆ ಇರಿ. ಊರು ಬಿಡಬೇಡಿ."

ಅವನು ಕೈಗವಸು ಕಳಚಿ ಹಾಗೇ ನಿಂತ. ಹೋಗಲು ಹೇಳಿದ್ದು ಅರ್ಥವಾಗದವನಂತೆ. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತ. ಅವಳ ಮುಂದೆ ಇಷ್ಟು ದಿನ ಅವನು ಅತ್ತಿರಲಿಲ್ಲ.

*

ಲ್ಯಾಬಿನಲ್ಲಿ ಕೆಮಿಸ್ಟ್ ಹೆಂಟೆಯಿಂದ ಒಂದು ಚೂರು ಮುರಿದು, ಒಂದೆರಡು ಹನಿ ನೀರು ಹಾಕಿ, ಅದರ ಮೇಲೆ ಕೆಂಪು ಲಿಟ್ಮಸ್ ಪೇಪರು ಒತ್ತಿದರು. ಪೇಪರು ನೋಡನೋಡುತ್ತಲೇ ನೀಲಿಯಾಯಿತು.

"ಸುಣ್ಣವೇ. ಪಾಲಿಮರ್ ಬರೋಕೆ ಮುಂಚೆ ಎಲ್ಲ ಕಡೆ ಸುಣ್ಣ ಹಾಕೇ ಸ್ಲಡ್ಜನ್ನ ಹಿಂಡ್ತಿದ್ರು. ಸುಣ್ಣ ಹಾಕಿದ್ರೆ ನೀರು ಬೇಗ ಬಿಡುತ್ತೆ, ಹೆಂಟೆ ಗಟ್ಟಿಯಾಗುತ್ತೆ, ಕೊಳೆಯೋದಿಲ್ಲ. ಆದ್ರೆ ಖರ್ಚು, ಧೂಳು, ಕೈ ಸುಡೋದು, ಎಲ್ಲ ರಗಳೆ. ನಮ್ಮಲ್ಲಿ ಬಿಟ್ಟು ಎಷ್ಟೋ ವರ್ಷ ಆಯ್ತು."

"ಬೆಣ್ಣೆ?"

ಕೆಮಿಸ್ಟ್ ನಲ್ಲಿ ತಿರುಗಿಸಿ ಕೈ ತೊಳೆದರು. ಬೆರಳು ಬೆರಳಿಗೂ ಸೋಪು ಹಚ್ಚಿ, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದರು. ಇನ್ಸ್‌ಪೆಕ್ಟರ್ ಕಾದಳು. ಇಂಥ ಹೊತ್ತಿನಲ್ಲಿ ಇನ್ನೊಂದು ಪ್ರಶ್ನೆ ಕೇಳಿದರೆ ಬರುವ ಉತ್ತರವೂ ಒಳಗೇ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಊರಾಚೆ ಹಾಲಿನ ಡೈರಿ ಇದೆಯಲ್ಲ," ಎಂದರು ಕೆಮಿಸ್ಟ್ ಬೆನ್ನು ತಿರುಗಿಸಿಕೊಂಡೇ. "ಅಲ್ಲಿ ಒಂದು ಸಣ್ಣ ಘಟಕ ಇದೆ. ಬೆಣ್ಣೆ ತೆಗೆದು ತೊಳೆದ ನೀರೆಲ್ಲ ಅದಕ್ಕೆ ಹೋಗುತ್ತೆ. ಅಲ್ಲಿ ಇನ್ನೂ ಸುಣ್ಣನೇ. ನೋಡ್ಕೊಳ್ಳೋರು ಹೊಸದೇನನ್ನೂ ಒಳಗೆ ಬಿಡಲ್ಲ."

"ಯಾರು ನೋಡ್ಕೊಳ್ಳೋರು?"

"ನಮ್ಮಪ್ಪ."

ಲ್ಯಾಬಿನ ಫ್ರಿಜ್ಜು ಒಮ್ಮೆ ಗುಡುಗಿ ಸುಮ್ಮನಾಯಿತು.

"ನೀವು ಹೇಳದೆ ಇರಬಹುದಿತ್ತು," ಎಂದಳು ಇನ್ಸ್‌ಪೆಕ್ಟರ್.

"ಇರಬಹುದಿತ್ತು. ನಾಳೆ ಇನ್ನೊಬ್ಬರು ಬಂದು ಪೇಪರ್ ಒತ್ತಿದ್ರೂ ನೀಲಿನೇ ಬರುತ್ತೆ." ಅವರು ಕೈ ಒರೆಸಿಕೊಂಡರು. "ಅಪ್ಪನ್ನ ಕೇಳೋವಾಗ ನಾನೂ ಇರ್ತೀನಿ. ಇದೊಂದು ಬೇಡ ಅನ್ನಬೇಡಿ."

*

ಜೀಪು ಓಡಿಸಿದ್ದು ದಫೇದಾರರು. ಕೆಮಿಸ್ಟ್ ಹಿಂದಿನ ಸೀಟಿನಲ್ಲಿ ಕೂತಿದ್ದರು. ಡೈರಿಯ ಗೇಟಿನ ಹತ್ತಿರ ಅವರು ಎಂಜಿನ್ ಆರಿಸಿ, "ನಾನು ಇಲ್ಲೇ ಇರ್ತೀನಿ ಮೇಡಂ, ಗಾಡಿ ಬಿಸಿಯಾಗಿದೆ," ಎಂದರು.

ಕೆಮಿಸ್ಟರ ತಂದೆ ಒಂದು ತಗಡಿನ ಮಾಡಿನ ಕೆಳಗೆ ಸಿಕ್ಕರು. ರಿಟೈರ್ ಆದ ಇಂಜಿನಿಯರ್; ಮೊಣಕಾಲವರೆಗಿನ ರಬ್ಬರ್ ಬೂಟು, ಹುಬ್ಬಿನ ಮೇಲೆಲ್ಲ ಸುಣ್ಣದ ಪುಡಿ. ಕೈಚಕ್ರ ತಿರುಗಿಸಿ ಬಿಗಿಯುವ ಹಳೆಯ ಕಾಲದ ಪ್ರೆಸ್ಸಿನ ಫಲಕಗಳನ್ನು ಒಂದೊಂದಾಗಿ ಸರಿಸುತ್ತಿದ್ದರು. ಸರಿಸಿದ ಹಾಗೆಲ್ಲ ಕೆಸರಿನ ಚಪ್ಪಟೆ ಹೆಂಟೆಗಳು ಧಪ್ ಧಪ್ ಎಂದು ಕೆಳಗೆ ಬೀಳುತ್ತಿದ್ದವು. ಬೂದು ಬಣ್ಣ. ಮುರಿದರೆ ನೀಟಾಗಿ ಮುರಿಯುವಂಥವು.

ಇನ್ಸ್‌ಪೆಕ್ಟರ್ ಜೇಬಿನಿಂದ ಕವರು ತೆಗೆದು ತೋರಿಸಿದಳು.

"ನಂದೇ," ಎಂದರು ಮುದುಕರು, ಮಗುವಿನ ಫೋಟೋ ಗುರುತಿಸುವಷ್ಟು ಸುಲಭವಾಗಿ. "ಆ ಹುಡುಗ ಕೇಳಿ ಇಸ್ಕೊಂಡು ಹೋದ. ಹುಡುಗ ಅಂತೀನಿ, ತಲೆ ಬೆಳ್ಳಗಾಗಿತ್ತು. ಕೆಲಸ ಕಲಿಯೋಕೆ ಬಂದಾಗ ನನ್ನ ಕೈಕೆಳಗೇ ಇದ್ದಿದ್ದು."

"ಯಾವತ್ತು ಬಂದಿದ್ರು?"

"ಅವನು ಹೋದ ದಿನವೇ, ಮಾರನೇ ಬೆಳಿಗ್ಗೆ ತೊಟ್ಟೀಲಿ ಸಿಕ್ಕಿದ್ದು. ಮಧ್ಯಾಹ್ನ. 'ಸರ್, ನಮ್ಮ ಸ್ಲಡ್ಜು ಕೂರಲ್ಲ, ಹಿಂಡಿದ್ರೆ ನೀರು ಬಿಡಲ್ಲ, ನಿದ್ದೆ ಬರಲ್ಲ,' ಅಂದ. ಒಂದು ಬಾಟ್ಲಿ ತಂದಿದ್ದ. ನಾನು ಅದಕ್ಕೂ ಸುಣ್ಣ ಹಾಕಿ ನೋಡಿದೆ, ಒಂದಿಷ್ಟು ಸುಧಾರಿಸ್ತು. ಕಾಯಿಲೆಯ ಬೇರು ಬೇರೆ ಕಡೆ ಇದೆಯಪ್ಪಾ, ಯಾರೋ ನಿಮ್ಮ ಪೈಪಿಗೆ ಬಿಡಬಾರದ್ದನ್ನ ಬಿಡ್ತಿದಾರೆ ಅಂದೆ. 'ನನಗೂ ಅದೇ ಅನುಮಾನ ಸರ್, ಯಾರು ಅಂತಾನೂ ಗೊತ್ತಾಗಿದೆ,' ಅಂದ. ನನ್ನ ಹೆಂಟೆ ಕೈಲಿ ಹಿಡ್ಕೊಂಡು ತಿರುಗಿಸಿ ತಿರುಗಿಸಿ ನೋಡಿದ. ಹುಡುಗರಿಗೆ ತೋರಿಸ್ತೀನಿ, ಸ್ಲಡ್ಜ್ ಅಂದ್ರೆ ಹೀಗಿರಬೇಕು ಅಂತ, ಅಂದ."

"ಯಾರು ಅಂತ ಹೆಸರು ಹೇಳಿದ್ರಾ?"

"ಇಲ್ಲಮ್ಮ. ನಾನೂ ಕೇಳಲಿಲ್ಲ. ಕೇಳಬೇಕಿತ್ತು."

"ಪೊಲೀಸಿಗೆ ಯಾಕೆ ತಿಳಿಸಲಿಲ್ಲ ಸರ್?"

"ಜಾರಿ ಬಿದ್ದ ಅಂದ್ರು. ಜಾರಿ ಬಿದ್ದವನು ಬೆಳಿಗ್ಗೆ ಎಲ್ಲಿಗೆ ಹೋಗಿದ್ದ, ಮಧ್ಯಾಹ್ನ ಎಲ್ಲಿಗೆ ಹೋಗಿದ್ದ ಅಂತ ಯಾರಿಗೆ ಬೇಕು?" ಅವರು ಫಲಕಕ್ಕೆ ಒರಗಿದರು. "ಕೊಲೆ ಅಂತ ನೀವು ಬಂದ ಮೇಲಲ್ಲವಾ ಗೊತ್ತಾಗ್ತಿರೋದು."

"ಇಲ್ಲಿಂದ ಹೇಗೆ ಹೋದ್ರು?"

ಮುದುಕರು ಮಗಳ ಕಡೆ ನೋಡಿದರು. ಆ ನೋಟದಲ್ಲಿ ಸಣ್ಣ ಮುನಿಸಿತ್ತು.

"ನಿನ್ನ ಕಾರಲ್ಲೇ ಹೋದನಲ್ಲ ಪುಟ್ಟಿ. ಗೇಟಿನಾಚೆ ನಿಂತಿತ್ತು. ಅಷ್ಟು ದೂರ ಬಂದವಳು ಇಳಿದು ಒಳಗೆ ಬಂದು ಅಪ್ಪನ ಮುಖ ನೋಡ್ಲಿಲ್ಲ ಅಂತ ನನಗೆ ಬೇಜಾರಾಯ್ತು. ಏನೋ ಅವಸರ ಇರಬೇಕು ಅಂದ್ಕೊಂಡೆ."

ಕೆಮಿಸ್ಟ್ ತಂದೆಯ ಹತ್ತಿರ ಬಂದರು. "ಅಪ್ಪ, ನಾನು ಬಂದಿರ್ಲಿಲ್ಲ."

"ಕಿಟಕಿಯಿಂದ ಕೈ ಬೀಸಿದೆಯಲ್ಲೇ."

"ನಾನಲ್ಲಪ್ಪ."

"ಮುಖ ಕಂಡಿತಾ ಸರ್?" ಎಂದಳು ಇನ್ಸ್‌ಪೆಕ್ಟರ್.

"ಬಿಸಿಲು ಗಾಜಿಗೆ ಹೊಡೀತಿತ್ತು. ಕೈ ಮಾತ್ರ ಕಂಡಿತು. ಕಾರು ನನ್ನ ಮಗಳದೇ, ಹಿಂದಿನ ಬಾಗಿಲ ಮೇಲೆ ನಾನೇ ಗೋಡೆಗೆ ಉಜ್ಜಿ ಮಾಡಿದ ಗೀರು ಇದೆ."

ಇನ್ಸ್‌ಪೆಕ್ಟರ್ ಮಗಳತ್ತ ತಿರುಗಿದಳು. "ಆ ದಿನ ನಿಮ್ಮ ಕಾರು ಯಾರ ಹತ್ತಿರ ಇತ್ತು?"

"ಸೂಪರ್‌ವೈಸರ್ ಹೆಂಡತಿ ಫೋನ್ ಮಾಡಿದ್ರು. ತಮ್ಮನಿಗೆ ಮೈ ಕೆಂಡದ ಹಾಗೆ ಸುಡ್ತಿದೆ, ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ಒಂದು ಗಂಟೆ ಕಾರು ಕೊಡಿ ಅಂದ್ರು. ಕೀಲಿ ಮುಂದಿನ ಚಕ್ರದ ಮೇಲಿಡಿ ಅಂದ್ರು, ಇಟ್ಟೆ. ಅವತ್ತು ಲ್ಯಾಬ್ ಬಿಟ್ಟು ಕದಲೋಕೆ ಪುರುಸೊತ್ತಿರಲಿಲ್ಲ. ಸಂಜೆ ನೋಡಿದ್ರೆ ಕಾರು ತನ್ನ ಜಾಗದಲ್ಲೇ ಇತ್ತು." ಅವರು ಬಾಯಿಗೆ ಕೈ ಅಡ್ಡ ಹಿಡಿದರು. "ಆಸ್ಪತ್ರೆಗೆ ಅಂತ ಕೊಟ್ಟ ಕಾರು… ಇದಕ್ಕೂ ಅದಕ್ಕೂ ಸಂಬಂಧ ಇರುತ್ತೆ ಅಂತ ನನಗೆ ಹೊಳೀಲೇ ಇಲ್ಲ ಮೇಡಂ."

ಜ್ವರ ಬಂತೆನ್ನಲಾದ ಆ ತಮ್ಮ, ಪ್ರೆಸ್ ಆಪರೇಟರ್, ಆ ಹಗಲೆಲ್ಲ ಗೇಟಿನವರ ಕಣ್ಣೆದುರಿಗೆ ಬೆಲ್ಟು ತಿಕ್ಕುತ್ತಿದ್ದ. ಅಕ್ಕನ ಹೇಳಿಕೆಯಲ್ಲಿ ಕಾರಿನ ಮಾತೇ ಇರಲಿಲ್ಲ. ಆ ದಿನ ಪೂರ್ತಿ ಹೊಸಲು ದಾಟಲಿಲ್ಲ ಎಂದು ಹೇಳಿ, ಕೆಳಗೆ ಸಹಿ ಮಾಡಿದ್ದಳು.

ಇನ್ಸ್‌ಪೆಕ್ಟರ್ ತಂದೆ ಮಗಳನ್ನು ಅಲ್ಲೇ ಬಿಟ್ಟು ಹೊರಗೆ ಬಂದಳು. ಜೀಪಿನ ಬಾನೆಟ್ಟಿಗೆ ಒರಗಿ ಆಪರೇಟರಿಗೆ ಫೋನ್ ಮಾಡಿದಳು. ಒಳಗೆ ಸ್ಟಿಯರಿಂಗಿನ ಮುಂದೆ ದಫೇದಾರರು ಕೂತಿದ್ದರು. ಪಕ್ಕದ ಗಾಜು ಇಳಿಸಿತ್ತು.

"ಒಂದೇ ವಿಷಯ ಕೇಳ್ತೀನಿ. ನಿಮ್ಮಕ್ಕನಿಗೆ ಕಾರು ಓಡಿಸೋಕೆ ಬರುತ್ತಾ?"

"ಅಕ್ಕನಿಗಾ?" ಅವನಿಗೆ ನಗು ಬಂದಂತಿತ್ತು. "ಸೈಕಲ್ ಹತ್ತೋಕೂ ಹೆದರ್ತಾಳೆ ಮೇಡಂ. ಯಾಕೆ?"

ಹಿಂದಿನಿಂದ ಹೆಂಗಸಿನ ದನಿ, "ಯಾರೋ ಅದು?" ಎಂದಿತು. ಏನೋ ಸರಿದಾಡಿದ ಸದ್ದು. ಫೋನು ಕೈ ಬದಲಾಯಿಸಿತು. ಬಾಗಿಲೊಂದು ಮುಚ್ಚಿತು.

"ಮೇಡಂ, ನಾನು." ಸೂಪರ್‌ವೈಸರಿನ ಹೆಂಡತಿ ಪಿಸುಗುಟ್ಟುವ ಹಾಗೆ ಮಾತಾಡಿದಳು. "ಕಾರಿನ ವಿಷಯ ಗೊತ್ತಾಯ್ತಾ?"

"ಹ್ಞೂಂ."

"ಸುಳ್ಳು ಹೇಳಿದ್ದು ತಪ್ಪು. ಹೇಳು ಅಂದ್ರು, ಹೇಳಿದೆ. ನಿನ್ನ ಗಂಡನ್ನ ಸಮಾಧಾನ ಮಾಡಿ ಕರ್ಕೊಂಡು ಬರ್ತೀವಿ ಅಂದ್ರು, ನಂಬಿದೆ. ಹೀಗಾಗುತ್ತೆ ಅಂತ ನನ್ನಾಣೆಗೂ ಗೊತ್ತಿರಲಿಲ್ಲ. ಆಮೇಲೆ ತಮ್ಮನ ಜೀವಕ್ಕೆ ಹೆದರಿ ಬಾಯಿ ಮುಚ್ಚಿಕೊಂಡೆ."

"ಯಾರು ಅಂದಿದ್ದು?"

ಆಕೆ ದನಿಯನ್ನು ಇನ್ನೂ ತಗ್ಗಿಸಿದಳು.

"ನಿಮ್ಮ ಪಕ್ಕದಲ್ಲಿ ಈಗ ಯಾರಿದಾರೆ ಮೇಡಂ?"

"ನಮ್ಮ ದಫೇದಾರರು."

"ಹಾಗಾದ್ರೆ ನಾನು ಏನೂ ಹೇಳಿಲ್ಲ," ಎಂದಳು ಆಕೆ. "ದಮ್ಮಯ್ಯ, ನೀವು ಏನೂ ಕೇಳಿಸ್ಕೊಂಡಿಲ್ಲ."

ಫೋನು ಕಟ್ಟಾಯಿತು. ಇನ್ಸ್‌ಪೆಕ್ಟರ್ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. "ಸರಿ, ಸಂಜೆ ಬರ್ತಾ ಹಾಲು ತರ್ತೀನಿ, ಬಾಗಿಲು ಹಾಕ್ಕೊಂಡಿರಿ," ಎಂದು ಖಾಲಿ ಫೋನಿಗೆ ಮಾಮೂಲಿನ ದನಿಯಲ್ಲಿ ಹೇಳಿ ಜೇಬಿಗೆ ಹಾಕಿಕೊಂಡಳು. ಹೆಂಟೆಯಲ್ಲಿ ಬೇರೆ ವಾಸನೆಯೇ ಇಲ್ಲ ಎಂದದ್ದೂ ಈ ಮನುಷ್ಯನೇ, ಡೈರಿಯೊಳಗೆ ಬಾರದೆ ಗೇಟಿನಲ್ಲೇ ಉಳಿದದ್ದೂ ಈ ಮನುಷ್ಯನೇ.

ದಫೇದಾರರು ಎಡಗೈ ಚಾಚಿ ಅವಳ ಕಡೆಯ ಬಾಗಿಲು ತೆರೆದು ಹಿಡಿದರು.

"ಈಗ ಎಲ್ಲಿಗೆ ಮೇಡಂ?"